ತಳದ ಎಣ್ಣೆ

“ಇನ್ನೊಂದು ಸಲ ಒತ್ರಲೇ! ಮೊಣಕಾಲ ನೀವು ಹಿಡೀರಿ, ಪಾದ ನಾ ಹಿಡೀತೇನಿ,” ಎಂದು ಶಿವರಾಯ ಧೋತರದ ಚುಂಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡ. ಓಣಿಯ ಇಬ್ಬರು ಗಟ್ಟಿ ಆಳುಗಳು ಅವನ ಸತ್ತ ಅಣ್ಣನ ಕಾಲಿಗೆ ಮೂರನೆಯ ಸಲ ಕೈಹಾಕಿದರು. ಕಾಲು ಮಡಚಲಿಲ್ಲ. ಸತ್ತವನು, ಗಾಣಿಗರ ಮಲ್ಕಪ್ಪ, ಗೋಡೆಗೆ ಒರಗಿ ಕೂತಿದ್ದ. ಹಣೆಯ ಮೇಲೆ ವಿಭೂತಿ, ಎಡಗೈಯಲ್ಲಿ ಲಿಂಗ, ಕೊರಳಲ್ಲಿ ಹೂವು, ಎಲ್ಲ ಪದ್ಧತಿಯಂತೆಯೇ ಇತ್ತು. ಕಾಲುಗಳು ಮಾತ್ರ ನೆಟ್ಟಗೆ ಮುಂದಕ್ಕೆ ಚಾಚಿಕೊಂಡಿದ್ದವು. ಊದಿಕೊಂಡು ಮೊಣಕಾಲು ಎಲ್ಲಿದೆಯೆಂದೇ ತಿಳಿಯದ ಹಾಗಾಗಿದ್ದವು.

ಲಿಂಗವಂತರಲ್ಲಿ ಸತ್ತವರನ್ನು ಮಲಗಿಸಿ ಹುಗಿಯುವುದಿಲ್ಲ. ಪೂಜೆಗೆ ಕೂತ ಹಾಗೆ ಚಕ್ಕಳಮಕ್ಕಳ ಹಾಕಿಸಿ ಕುಣಿಯಲ್ಲಿ ಇಳಿಸಬೇಕು. ಐವತ್ತೆಂಟು ವರ್ಷ ದಿನಾ ಬೆಳಿಗ್ಗೆ ಹಾಗೆಯೇ ಕೂತು ಲಿಂಗಪೂಜೆ ಮಾಡಿದ ಮನುಷ್ಯನಿಗೆ ಕೊನೆಯ ದಿನ ಅದೊಂದು ಸಾಧ್ಯವಾಗಲಿಲ್ಲ.

“ಬಿಡ್ರೋ, ಸಾಕು,” ಎಂದರು ಮಠದ ಗದ್ಗಯ್ಯಸ್ವಾಮಿಗಳು. “ಸತ್ತಾನಂತ ಹಿಂಗ ಮುರೀತೀರೇನು? ಕುಣಿ ಉದ್ದ ತೋಡ್ಸಿರಿ. ಕಾಲ ಚಾಚಿಕೊಂಡೇ ಕೂಡ್ಲಿ.”

“ಮಂದಿ ಏನಂತಾರ್ರಿ ಅಯ್ನೋರೆ? ಶಿವನ ಮುಂದ ಕಾಲ ಚಾಚಿ ಕುಂತ ಅಂತಾರ.”

“ಶಿವಗ ಅಷ್ಟೂ ತಿಳ್ಯಂಗಿಲ್ಲೇನಲೇ? ಸುಮ್ನಿರು.”

ಶಿವರಾಯ ಸುಮ್ಮನಿರುವ ಕುಳವಲ್ಲ. ಒಳಮನೆಯ ಬಾಗಿಲಿಗೆ ಬಂದು ಅತ್ತಿಗೆಯ ಹತ್ತಿರ ಕುಕ್ಕರುಗಾಲಲ್ಲಿ ಕೂತ. ಗುರುಶಾಂತಮ್ಮ ನಸುಕಿನಿಂದ ಅತ್ತು ಅತ್ತು ಈಗ ಬರೀ ಗೋಡೆ ನೋಡುತ್ತಿದ್ದಳು.

“ವೈನಿ, ಒಂದು ಮಾತು. ಎಣ್ಣಿ ಕಂಪನಿ ಮ್ಯಾನೇಜರು ದೌಲತರಾಯರು ಕುಣಿ ಹತ್ರ ಬರ್ತಾರಂತ. ಒಂದು ಕಾಗದ ತರ್ತಾರ. ನೀ ಹೆಬ್ಬಟ್ಟು ಒತ್ತಿದಿ ಅಂದ್ರ ನಮ್ಮ ಗಾಣದ ಸೀಲು ತೆಗೆಸಿ ಕೊಡ್ತಾರ. ನಾಳಿಂದ ನಾ ಗಾಣ ಹೂಡ್ತೇನಿ. ನಿನಗೂ ಒಂದು ತುತ್ತಿಗೆ ದಾರಿ ಆಗ್ತದ.”

“ಕಾಗದದಾಗ ಏನ ಬರದಾರ?”

“ಏನರೆ ಇರ್ಲಿ ಬಿಡು. ಸತ್ತಾಂವ ತಿರುಗಿ ಬರ್ತಾನೇನು?”

ಆ ಕಾಲುಗಳು ಯಾಕೆ ಊದಿದವೆಂದು ಈ ಮನೆಯಲ್ಲಿ ಗುರುಶಾಂತಮ್ಮನೊಬ್ಬಳಿಗೇ ಗೊತ್ತಿತ್ತು. ಹೇಳಿದರೆ ಗಂಡನ ಹೆಸರು ಮಣ್ಣುಪಾಲು, ಅದೂ ಅವನನ್ನು ಮಣ್ಣಿಗಿಡುವ ದಿನವೇ. ಹೇಳದಿದ್ದರೆ ಆಳಂದದ ಮನೆಮನೆಯಲ್ಲಿ ಸಂಜೆಗೆ ಮತ್ತೆ ಅದೇ ಕಂಪನಿ ಎಣ್ಣೆಯ ಒಗ್ಗರಣೆ. ಈ ಎರಡರ ನಡುವೆ ಅವಳು ಎಂಟು ದಿನದಿಂದ ಬೇಯುತ್ತಿದ್ದಳು.

*

ಮಲ್ಕಪ್ಪನ ಗಾಣ ಅವನ ಅಜ್ಜನ ಕಾಲದಿಂದ ಆಳಂದದ ಆ ಓಣಿಯಲ್ಲಿ ತಿರುಗುತ್ತಿತ್ತು. ಕುಸುಬಿ, ಶೇಂಗಾ, ಒಮ್ಮೊಮ್ಮೆ ಎಳ್ಳು. ಆ ಮನೆಯಲ್ಲಿ ಒಂದು ಕಟ್ಟಳೆ ಇತ್ತು. ಕೊಡದ ಮೇಲಿನ ತಿಳಿ ಎಣ್ಣೆ ಊರಿಗೆ, ತಳದ ಎಣ್ಣೆ ಮನೆಗೆ. ಎಣ್ಣೆಯಲ್ಲಿ ಕೆಟ್ಟದ್ದೇನಾದರೂ ಇದ್ದರೆ ಅದು ತಳಕ್ಕಿಳಿಯುತ್ತದೆ, ಅದನ್ನು ಮೊದಲು ಉಣ್ಣಬೇಕಾದವನು ಗಾಣಿಗ ಎಂದು ಅವನಪ್ಪ ಹೇಳುತ್ತಿದ್ದ. ಗುರುಶಾಂತಮ್ಮ ಮದುವೆಯಾಗಿ ಬಂದ ಹೊಸತರಲ್ಲಿ, “ಗಾಣಿಗರ ಸೊಸಿ ಆಗಿ ಒಂದಿನಾನೂ ತಿಳಿ ಎಣ್ಣಿ ಕಾಣಲಿಲ್ರೀ,” ಎಂದು ಗಂಡನನ್ನು ಕಾಡಿಸುತ್ತಿದ್ದಳು. ಅವನು ನಗುತ್ತಿದ್ದ, ಅಷ್ಟೆ. ಕಟ್ಟಳೆ ಮುರಿಯಲಿಲ್ಲ.

ಆಮೇಲೆ ಕಂಪನಿ ಬಂತು. ಐದು ಜನ ಧಣಿಗಳು, ಒಂದು ಇಂಜಿನ್ನು, ತಗಡಿನ ದೊಡ್ಡ ಮನೆ. ಗಡಿಯಾಚೆ ಸ್ವಾತಂತ್ರ್ಯ ಬಂದು ಹೊಸ ಸರಕಾರ, ಈಚೆ ಇನ್ನೂ ನಿಜಾಮರದು. ಗಡಿ ಬಂದಾಗಿ ಸೊಲ್ಲಾಪುರದ ಮಾಲು ನಿಂತು, ಎಲ್ಲದಕ್ಕೂ ತುಟ್ಟಿಯ ಕಾಲ. ಜನರಿಗೆ ತುಟ್ಟಿಯಾದರೆ ಯಾರಿಗಾದರೂ ಸುಗ್ಗಿಯಾಗಲೇಬೇಕಲ್ಲ! ದೊಡ್ಡ ಸಾಹೇಬರ ಮನೆಗಳಿಗೆ ಕಂಪನಿಯಿಂದ ತುಪ್ಪದ ಡಬ್ಬಿ, ಮಾವಿನ ಬುಟ್ಟಿ, ಮಗಳ ಮದುವೆಗೆ ರೇಷ್ಮೆ ಹೋದವು. ಹಿಂದೆಯೇ ಹುಕುಂ ಬಂತು: ಕೊರತೆಯ ಕಾಲ, ಎಣ್ಣೆಕಾಳೆಲ್ಲ ಕಂಪನಿಗೇ ಹಾಕಬೇಕು, ಊರಗಾಣಗಳು ಬಂದ್. ಒಂದು ಮಧ್ಯಾಹ್ನ ಇಬ್ಬರು ಜವಾನರು ಬಂದು ಮಲ್ಕಪ್ಪನ ಗಾಣದ ಒರಳಿಗೆ ಸರಪಳಿ ಸುತ್ತಿ ಅರಗಿನ ಸೀಲು ಒತ್ತಿ ಹೋದರು. ಎತ್ತು ಅಂದು ಸಂಜೆಯೂ ಅಭ್ಯಾಸದಂತೆ ಗಾಣದ ಬಳಿಗೆ ಹೋಗಿ ನಿಂತಿತ್ತು.

ಆದರೆ ಜನ ಕಂಪನಿ ಎಣ್ಣೆ ಕೊಳ್ಳಲು ಹಿಂಜರಿದರು. ಇಂಜಿನ್ನಿನ ಎಣ್ಣೆ ಹೊಟ್ಟೆ ಉರಿಸುತ್ತದೆ ಎಂದರು. ಆಗ ದೌಲತರಾಯ ತಾನೇ ಮಲ್ಕಪ್ಪನ ಮನೆಗೆ ಬಂದ.

“ಮಲ್ಕಪ್ಪ, ನೀ ಏನೂ ದುಡೀಬ್ಯಾಡ. ಕಂಪನಿ ಬಾಗಲಾಗ ಕೂಡು. ಎಣ್ಣಿ ನಾಲಿಗಿ ಮ್ಯಾಲ ಇಟ್ಟು ನೋಡು. ಛಲೋ ಇದ್ರ ಛಲೋ ಅನ್ನು, ಖೊಟ್ಟಿ ಇದ್ರ ಖೊಟ್ಟಿ ಅನ್ನು. ಸುಳ್ಳ ಹೇಳು ಅಂತ ನಾ ಹೇಳಾಕತ್ತೇನೇನು?”

ಮಲ್ಕಪ್ಪ ಹೋಗಿ ಕೂತ. ಮೂರನೆಯ ದಿನ ಒಂದು ಡಬ್ಬಿಗೆ ಖೊಟ್ಟಿ ಎಂದ. ಕೂಡಲೇ ದೌಲತರಾಯ ಎಲ್ಲರೆದುರು ಅದನ್ನು ವಾಪಸು ಕಳಿಸಿದ. ಬಜಾರದಲ್ಲಿ ಅದೇ ಸುದ್ದಿಯಾಯಿತು. ಆ ಡಬ್ಬಿಯಲ್ಲಿ ಹಳಸಿದ ಎಣ್ಣೆಯನ್ನು ಬೇಕೆಂದೇ ತುಂಬಿಸಿ ಇಟ್ಟಿದ್ದರೆಂದು ಕಂಪನಿಯ ಜವಾನ ಯಾಕೂಬಸಾಬ ಬಹಳ ತಡವಾಗಿ ಮಲ್ಕಪ್ಪನ ಕಿವಿಯಲ್ಲಿ ಹೇಳಿದ್ದು. ಅಷ್ಟರಲ್ಲಿ ಹಿರೋಳ್ಳಿಯಿಂದ ಅಫಜಲಪುರದವರೆಗೆ, ಜೇವರ್ಗಿ, ಯಡ್ರಾಮಿಯ ಸಂತೆಗಳಲ್ಲೂ ಜನ ‘ಮಲ್ಕಪ್ಪನ ಎಣ್ಣಿ’ ಎಂದೇ ಕೇಳಿ ಕೊಳ್ಳುತ್ತಿದ್ದರು. ಅವನಿಗೂ ಒಳಗೊಳಗೇ ಹೆಮ್ಮೆ. ತಳದ ಎಣ್ಣೆಯ ಕಟ್ಟಳೆಯನ್ನು ಅಲ್ಲಿಯೂ ಬಿಡಲಿಲ್ಲ. ಕಂಪನಿಯ ಡಬ್ಬಿಗಳ ತಳದಲ್ಲಿ ಉಳಿದದ್ದನ್ನು ಕೇಳಿ ಪಡೆದು ಮನೆಗೆ ತರುತ್ತಿದ್ದ.

ತನ್ನ ನಾಲಿಗೆ ಸುಳ್ಳು ಹೇಳುವುದಿಲ್ಲ ಎಂದು ಅವನು ನಂಬಿದ್ದ. ನಾಲಿಗೆಗೆ ಸಿಗದ ವಿಷವೂ ಇರುತ್ತದೆಂದು ಅವನಿಗೆ, ಅವನಪ್ಪನಿಗೆ, ಅಜ್ಜನಿಗೆ ಯಾರಿಗೂ ಗೊತ್ತಿರಲಿಲ್ಲ.

*

ಬೇಸಿಗೆ ಮುಗಿಯುವ ಹೊತ್ತಿಗೆ ಊರಲ್ಲಿ ಜನರ ಕಾಲು ಊದತೊಡಗಿದವು. ಮೊದಲು ಹಿಮ್ಮಡಿ, ಆಮೇಲೆ ಮೊಣಕಾಲು, ಆಮೇಲೆ ಏದುಸಿರು. ತಪಾಸಣೆಗೆ ಬಂದ ಸಾಹೇಬರು ಕಂಪನಿಯ ಬಂಗಲೆಯಲ್ಲಿ ಎರಡು ದಿನ ಉಂಡು ಮಲಗಿದರು. ಧಣಿಗಳ ಮನೆಗೆಂದು ಬೇರೆ ತೆಗೆದಿಟ್ಟ ಡಬ್ಬಿಯಿಂದ ಒಂದು ಶೀಸೆ ತುಂಬಿಕೊಂಡು, ಎಣ್ಣೆ ಶುದ್ಧ, ಬಾವಿಯ ನೀರು ಕೆಟ್ಟಿದೆ ಎಂದು ಬರೆದು, ಬಾವಿಗೆ ಕೆಂಪು ಔಷಧ ಹಾಕಿಸಿ ಹೋದರು. ಜನ ಆ ಕೆಂಪು ನೀರು ಕುಡಿದು ಸಮಾಧಾನಪಟ್ಟರು.

ಮಲ್ಕಪ್ಪನಿಗೆ ಸಮಾಧಾನವಾಗಲಿಲ್ಲ. ಒಂದು ದಿನ ಬಾಗಿಲು ಬಿಟ್ಟೆದ್ದು ಕಂಪನಿಯ ಹಿತ್ತಲಿಗೆ ಹೋದ. ಅಲ್ಲಿ ಚೀಲಗಟ್ಟಲೆ ಸಣ್ಣ ಕಪ್ಪು ಬೀಜ. ಕೈಯಲ್ಲಿ ಹಿಡಿದು ನೋಡಿದ. ಬೀಳು ಹೊಲದಲ್ಲಿ ಹಳದಿ ಹೂ ಬಿಡುವ ಮುಳ್ಳು ದತ್ತೂರಿಯದು. ದನವೂ ಮೂಸದ ಗಿಡ.

“ಇದು ಯಾಕೋ ಯಾಕೂಬ?”

“ಸಾಬೂನಿಗಂತ, ಕಾಕಾ,” ಎಂದ ಯಾಕೂಬಸಾಬ, ಮುಖ ಬೇರೆ ಕಡೆ ತಿರುಗಿಸಿ. “ಸಾಬೂನು ಮಾಡೋದು ಮಾತ್ರ ನಾ ಇನ್ನೂ ನೋಡಿಲ್ಲ.”

ದೌಲತರಾಯನನ್ನು ಕೇಳಿದರೂ ಸಾಬೂನಿನ ಮಾತೇ. “ನಿನ್ನ ನಾಲಿಗಿ ಏನಂತದ? ಛಲೋ ಅಂತದಲ್ಲ? ಮುಗೀತು.” ಅದೇ ಅವನನ್ನು ಚುಚ್ಚಿದ್ದು. ನಾಲಿಗೆ ನಿಜವಾಗಿಯೂ ಛಲೋ ಎನ್ನುತ್ತಿತ್ತು.

ಅಂದು ಊಟಕ್ಕೆ ಕೂತಾಗ ಹೆಂಡತಿಗೆ ಹೇಳಿದ: “ಇವತ್ತಿಂದ ನೀ ಎಣ್ಣಿ ಮುಟ್ಟಬ್ಯಾಡ. ನನ್ನ ಪಲ್ಯಕ್ಕಷ್ಟೇ ಹಾಕು.”

“ಯಾಕ್ರಿ? ನಾ ತಿಂದ್ರ ತೀರಿ ಹೋಗ್ತದೇನು?”

“ಹೇಳಿದಷ್ಟು ಕೇಳಬೇ.”

ಗುರುಶಾಂತಮ್ಮನಿಗೆ ಸಿಟ್ಟು ಬಂತು. ಅವಳಿಗೆ ಒಗ್ಗರಣೆಯಿಲ್ಲದ ಖಾರಬ್ಯಾಳಿಯೂ ಒಣರೊಟ್ಟಿಯೂ, ಅವನ ತಾಟಿನಲ್ಲಿ ಎಣ್ಣೆ ತೇಲುವ ಬದನೆಕಾಯಿ! ಗೋಡೆಯಾಚೆಯ ಅಮೀರುನ್ನಿಸಾಳಿಗೆ ಹೇಳಿಕೊಂಡಳು: “ಮುಪ್ಪಿನ ಕಾಲಕ್ಕ ಮುದುಕಗ ನಾಲಿಗಿ ಚಪಲ ಬಂದದ ನೋಡವ್ವ.” ಇಬ್ಬರೂ ಸೆರಗು ಬಾಯಿಗಿಟ್ಟು ನಕ್ಕರು. ಆಗ ಅಮೀರುನ್ನಿಸಾಳ ಮಗಳು ಹೆರಿಗೆಗೆಂದು ತವರಿಗೆ ಬಂದಿದ್ದಳು. ಅವಳಿಗೆಂದು ಆ ಮನೆಯಲ್ಲಿ ದಿನಾ ಏನಾದರೊಂದು ಕರಿಯುತ್ತಿದ್ದರು.

ಒಂದೇ ಬಾವಿಯ ನೀರು, ಒಂದೇ ಹಿಟ್ಟಿನ ರೊಟ್ಟಿ, ಬೇರೆಯಾದದ್ದು ಎಣ್ಣೆ ಮಾತ್ರ. ಮೂರು ವಾರಕ್ಕೆ ಅವನ ಕಾಲು ಕಂಬವಾದವು. ಅವಳ ಕಾಲಿನ ಬಾವು ಇಳಿದು, ಬಿಗಿಯಾಯಿತೆಂದು ಬಿಚ್ಚಿಟ್ಟಿದ್ದ ಕಾಲುಂಗುರವನ್ನು ಒಂದು ಮುಂಜಾನೆ ಮತ್ತೆ ಹಾಕಿಕೊಂಡಳು. ಮಲ್ಕಪ್ಪ ಆ ಕಾಲುಂಗುರ ನೋಡಿ ಹುಡುಗನ ಹಾಗೆ ಅತ್ತ. ಆಗಲೇ ಎಲ್ಲ ಹೇಳಿದ್ದು.

“ನೀರಲ್ಲಬೇ, ಎಣ್ಣಿ. ನಾ ಛಲೋ ಅಂದ ಎಣ್ಣಿ. ನನ್ನ ಮಾತಿಗೆ ಊರು ತಿಂದದ.”

“ಅಯ್ಯೋ, ಗೊತ್ತಿದ್ದೂ ಯಾಕ ತಿಂದ್ರಿ?”

“ಗೊತ್ತಿರಲಿಲ್ಲ. ಗೊತ್ತಾಗಬೇಕಾಗಿತ್ತು. ಬರೇ ಅನುಮಾನಕ್ಕ ಯಾರು ನಂಬ್ತಾರ? ನಾಳೆ ಬಜಾರದಾಗ ನಿಂತು ನಾನೇ ಹೇಳ್ತೇನಿ. ನನ್ನ ಬಾಯಿಲೇ ಹೇಳಬೇಕು. ನೀ ಹೇಳಬ್ಯಾಡ.”

ನಾಳೆ ಅವನಿಗೆ ಏಳಲಾಗಲಿಲ್ಲ. ಮರುದಿನವೂ ಆಗಲಿಲ್ಲ. ದಿನಾ ನಾಳೆ ಎನ್ನುತ್ತಿದ್ದ. ಅವಳು ಅವನ ಮಾತು ಮೀರಲಿಲ್ಲ. ಎಂಟನೆಯ ದಿನ ಬೆಳಗಾಗುವಾಗ ಗೋಡೆಗೆ ಒರಗಿದ್ದವನ ಉಸಿರು ನಿಂತಿತ್ತು.

*

ಭಜನೆಯವರು ಮುಂದೆ, ಹೂವಿನ ಕಟ್ಟಿನಲ್ಲಿ ಕಾಲು ಚಾಚಿ ಕೂತ ಮಲ್ಕಪ್ಪ ಹಿಂದೆ. ದಾರಿಯುದ್ದಕ್ಕೂ ಹೊತ್ತವರು ಮೂರು ಸಲ ಹೆಗಲು ಬದಲಿಸಿದರು. ಭಾರಕ್ಕಲ್ಲ, ಹೊತ್ತವರಿಗೇ ದಮ್ಮು ಹತ್ತುತ್ತಿತ್ತು. ಲಾಡ್ಲೆಸಾಬ ಬಂದಿದ್ದ, ಅಮೀರುನ್ನಿಸಾಳ ಗಂಡ. ಅವನೂ ಮಲ್ಕಪ್ಪನೂ ಒಂದೇ ವಾರಿಗೆಯವರು.

“ನನಗೂ ನಮಾಜಿಗೆ ಮೊಣಕಾಲೂರಾಕ ಬರವಲ್ದು ಸ್ವಾಮೇರಿ,” ಎಂದ ಅವನು ಗದ್ಗಯ್ಯಸ್ವಾಮಿಗಳ ಪಕ್ಕ ಕುಂಟುತ್ತ. “ನಿಂತೇ ಮುಗಸ್ತೇನಿ. ಅಲ್ಲಾ ಮಾಫ್ ಮಾಡ್ಲಿ.”

ಕುಣಿಯ ಹತ್ತಿರ ಕಂಪನಿಯ ಮೋಟಾರು ಆಗಲೇ ಬಂದು ನಿಂತಿತ್ತು. ದೌಲತರಾಯ ಕೈಮುಗಿದು, ಹೆಣಕ್ಕೆ ದೊಡ್ಡ ಹಾರ ಹಾಕಿ, ಎರಡು ಡಬ್ಬಿ ಎಣ್ಣೆ ಇಳಿಸಿದ. “ಮೂರನೇ ದಿನದ ಊಟಕ್ಕ ಕಂಪನಿ ಕಡಿಂದ,” ಎಂದ. ಜನ ತಲೆದೂಗಿದರು. ಆಹಾ, ಎಂಥ ದೊಡ್ಡ ಮನಸ್ಸು! ಹಿಂದೆ ಯಾಕೂಬಸಾಬ ಒಂದು ಕಾಗದವನ್ನೂ ಶಾಯಿಯ ತಗಡಿನ ಡಬ್ಬಿಯನ್ನೂ ಹಿಡಿದು ನಿಂತಿದ್ದ.

“ಗುರುಶಾಂತಮ್ಮ, ದುಃಖದಾಗ ತ್ರಾಸ ಕೊಡಬಾರದು. ಆದ್ರ ಸಾಹೇಬ್ರು ಇವತ್ತೇ ಆಳಂದದಾಗ ಅದಾರ. ಇವತ್ತೇ ಕಾಗದ ಕೊಟ್ರ ಸಂಜೀಗೆ ಸೀಲು ತೆಗೀತಾರ,” ಎಂದ ದೌಲತರಾಯ.

ಶಿವರಾಯ ಅತ್ತಿಗೆಯ ಕೈ ಹಿಡಿದು ಮುಂದೆ ತಂದ. ಅವಳು ತಡೆಯಲಿಲ್ಲ. ದೌಲತರಾಯ ತಾನೇ ಅವಳ ಹೆಬ್ಬೆರಳನ್ನು ಶಾಯಿಗೆ ಒತ್ತಿದ. ಬೆರಳು ಕಾಗದದ ಹತ್ತಿರ ಬಂದಾಗ ಅವಳು ಕೈ ಎಳೆದುಕೊಂಡಳು.

“ಯಾಕೂಬಣ್ಣ, ಇದು ಉರ್ದುದಾಗ ಅದ. ನನಗ ಕನ್ನಡಾನೂ ಓದಾಕ ಬರಂಗಿಲ್ಲ. ಏನ ಬರದದ, ನೀ ಓದಿ ಹೇಳು.”

ಯಾಕೂಬಸಾಬ ಮ್ಯಾನೇಜರನ ಮುಖ ನೋಡಿದ. ಮ್ಯಾನೇಜರ ಕಣ್ಣಲ್ಲೇ ಬೇಡವೆಂದ. ಯಾಕೂಬಸಾಬನಿಗೆ ಮನೆ ತುಂಬ ಮಕ್ಕಳು. ಆದರೂ ಓದಿದ, ಮೆಲ್ಲಗೆ, ಒಂದಕ್ಷರ ಬಿಡದೆ:

“‘ನನ್ನ ಗಂಡ ಮಲ್ಕಪ್ಪ ಮುಪ್ಪಿನ ಬ್ಯಾನಿಯಿಂದ ಸತ್ತಾನ. ಕಂಪನಿ ಎಣ್ಣಿ ಶುದ್ಧ ಅದ ಅಂತ ಸಾಯೂತನಕ ಹೇಳಿದಾನ. ನಮ್ಮನ್ಯಾಗ ಎಲ್ಲಾರೂ ಅದನ್ನ ತಿಂದೇವಿ, ಯಾರಿಗೂ ಏನೂ ಆಗಿಲ್ಲ. ಅದಕ್ಕಾಗಿ ನಮ್ಮ ಗಾಣ ಬಿಡಿಸಿ ಕೊಡಬೇಕು.’ ಅಷ್ಟ ಅದ, ತಂಗಿ.”

“ಸಾಯೂತನಕ ಹೇಳಿದಾನಂತ?” ಎಂದಳು ಗುರುಶಾಂತಮ್ಮ.

ಅವಳು ತಿರುಗಿ ನಡೆದು ಗಂಡನ ಮುಂದೆ ಕುಕ್ಕರಿಸಿದಳು. ಊದಿದ ಮೊಣಕಾಲ ಕೆಳಗೆ, ಎಲುಬಿನ ಮೇಲೆ, ಶಾಯಿಯ ಹೆಬ್ಬೆರಳನ್ನು ಊರಿ ಒತ್ತಿದಳು. ಬೆರಳು ಹಸಿ ಹಿಟ್ಟಿನಲ್ಲಿ ಇಳಿದ ಹಾಗೆ ಇಳಿಯಿತು. ಕೈ ತೆಗೆದಳು. ಕುಳಿ ತುಂಬಲಿಲ್ಲ. ನೀಲಿ ಗುರುತಿನೊಡನೆ ಹಾಗೇ ಉಳಿಯಿತು.

“ಇಲ್ಲಿ ಒತ್ತೇನಿ ನೋಡ್ರಿ ನನ್ನ ಹೆಬ್ಬಟ್ಟು,” ಎಂದಳು. ಎಲ್ಲರಿಗೂ ಕೇಳಿಸಿತು. “ಇದು ಮುಪ್ಪಲ್ಲ, ನೀರಲ್ಲ. ಎಣ್ಣಿ. ದತ್ತೂರಿ ಬೀಜ ಕೂಡ್ಸಿ ತಗದ ಎಣ್ಣಿ. ಇವರಿಗೆ ಅನುಮಾನ ಬಂದಾಗ ನನಗ ಬಿಡಿಸಿ, ತಾವೊಬ್ರೇ ತಿಂದು ನೋಡಿದ್ರು. ನಂದು ನೋಡ್ರಿ!” ಸೀರೆಯ ನಿರಿಗೆಯನ್ನು ಮೊಣಕಾಲ ತನಕ ಎತ್ತಿ ತನ್ನ ಕಾಲನ್ನು ಒತ್ತಿ ತೋರಿಸಿದಳು. “ಗಟ್ಟಿ ಅದ. ಅದೇ ನೀರು ಕುಡ್ದೇನಿ ನಾನೂ.”

“ವೈನಿ!” ಎಂದು ಶಿವರಾಯ ಚೀರಿದ. “ಅಣ್ಣನ ಹೆಸರು ಕೆಡಸ್ತಿ ಏನು? ಗಾಣ ಹೋಯ್ತು, ಹೆಸರೂ ಹೋಯ್ತು!”

“ಹೋಗ್ಲಿ ಬಿಡೋ. ಅವರ ಹೆಸರಿಗೇ ಮಂದಿ ಈ ವಿಷ ತಿಂದದ್ದು.”

“ದುಃಖದಾಗ ತೆಲಿ ಕೆಟ್ಟದ ಪಾಪ,” ಎಂದ ದೌಲತರಾಯ ಜನರತ್ತ ತಿರುಗಿ.

“ಹಂಗಂದ್ರ ಈ ಎರಡು ಡಬ್ಬಿ ನಿಮ್ಮ ಮನೀಗೆ ಒಯ್ರಿ ಧಣಿ,” ಎಂದರು ಗದ್ಗಯ್ಯಸ್ವಾಮಿಗಳು. “ನಮ್ಮೆದುರಿಗೆ ಒಂದು ಚಮಚ ಕುಡೀರಿ. ನಾವೂ ನಂಬ್ತೇವಿ.”

ದೌಲತರಾಯ ಮೋಟಾರಿನ ಕಡೆ ಎರಡು ಹೆಜ್ಜೆ ಹಿಂದೆ ಸರಿದ. ಜನರಿಗೆ ಅಷ್ಟು ಸಾಕಾಯಿತು.

ಆಗ ಹೆಂಗಸರ ಗುಂಪಿನಿಂದ ಅಮೀರುನ್ನಿಸಾ ಮುಂದೆ ಬಂದಳು. ಮಗಳನ್ನು ಮಣ್ಣಿಗಿಟ್ಟು ಐದು ದಿನವಾಗಿತ್ತು. ಇದೇ ಬಾವಿನಿಂದ ಸತ್ತ ಬಸುರಿ ಮಗಳು, ಹೊಟ್ಟೆಯಲ್ಲಿದ್ದುದೂ ಅವಳೊಂದಿಗೇ ಹೋಗಿತ್ತು.

“ಗುರುಶಾಂತಿ,” ಎಂದಳು. “ನಿನಗ ಯಾವಾಗ ಗೊತ್ತಾಯ್ತು?”

ಸುಳ್ಳು ಹೇಳಬಹುದಿತ್ತು. ಇಂದು ಬೆಳಿಗ್ಗೆ ಎಂದಿದ್ದರೆ ಯಾರು ಕೇಳುತ್ತಿದ್ದರು?

“ಎಂಟು ದಿನ ಆಯ್ತು, ಅಮೀರವ್ವ.”

“ಎಂಟು ದಿನ!” ಅಮೀರುನ್ನಿಸಾ ಎರಡೂ ಕೈಯಲ್ಲಿ ತಲೆ ಬಡಿದುಕೊಂಡಳು. “ನನ್ನ ಕೂಸು ನಿನ್ನ ಗ್ವಾಡಿ ಆಚಿಗೇ ಇತ್ತಲ್ಲಬೇ! ಒಂದು ಮಾತು ಹೇಳಿದ್ರ ಏನ ಹೋಗ್ತಿತ್ತು ನಿಂದು? ನಾ ಅವತ್ತೂ ಅಕಿಗೆ ಪೂರಿ ಮಾಡಿ ಕೊಟ್ನಲ್ಲೇ!”

ಗುರುಶಾಂತಮ್ಮ ಅಲ್ಲಿಯೇ ನೆಲಕ್ಕೆ ಕುಸಿದಳು. ಗಂಡ ಬೇಡವೆಂದಿದ್ದ ಎಂದು ಹೇಳಲಿಲ್ಲ. ಹೇಳಿ ಏನು ಮಾಡುವುದು! “ತಪ್ಪಾಯ್ತವ್ವ,” ಎಂದಳು. “ಇವರ ಹೆಸರು ಉಳೀಲಿ ಅಂತ ಬಾಯಿ ಮುಚಗೊಂಡೆ. ಬಡಿ ನನಗ.”

ಅಮೀರುನ್ನಿಸಾ ಕೈ ಎತ್ತಿದಳು ಕೂಡ. ಲಾಡ್ಲೆಸಾಬ ಹೆಂಡತಿಯ ಹೆಸರು ಹಿಡಿದು ಕೂಗಿದ. ಎತ್ತಿದ ಕೈ ಎಷ್ಟೋ ಹೊತ್ತು ಹಾಗೇ ಇತ್ತು. ಆಮೇಲೆ ಅವಳು ಅಗೆದ ಮಣ್ಣಿನ ಗುಡ್ಡೆಯ ಮೇಲೆ ಕೂತು, ಗುರುಶಾಂತಮ್ಮನ ಎದುರಿಗೆ ತನ್ನ ಎಡಗಾಲನ್ನು ಚಾಚಿದಳು.

“ಒತ್ತು,” ಎಂದಳು ಅಳುತ್ತ. “ನಂದು ಬಾವು ಎಷ್ಟು ಏರ್ಯದ, ಅದನ್ನರೆ ಹೇಳು.”

ಗುರುಶಾಂತಮ್ಮ ಒತ್ತಿದಳು. ನೀಲಿ ಕುಳಿ ಬಿತ್ತು, ತುಂಬಲಿಲ್ಲ. ಲಾಡ್ಲೆಸಾಬ ಪಾಯಜಾಮ ಮೇಲೆಳೆದುಕೊಂಡು ಹೆಂಡತಿಯ ಪಕ್ಕ ಬಂದು ಕೂತ. ಅವನ ಹಿಂದೆ ಹೆಣ ಹೊತ್ತವರು, ಅವರ ಹಿಂದೆ ತಾಳ ಕೆಳಗಿಟ್ಟ ಭಜನೆಯವರು, ಮಕ್ಕಳನ್ನು ಬಗಲಲ್ಲಿ ಎತ್ತಿಕೊಂಡ ಹೆಂಗಸರು, ಕಡೆಗೆ ಶಿವರಾಯನೂ ಬಂದು ಕಾಲು ಚಾಚಿ ಕೂತ. ಮಲ್ಕಪ್ಪನೂ ಎಲ್ಲರ ಹಾಗೆಯೇ ಕಾಲು ಚಾಚಿ ಕೂತಿದ್ದ. ಅವಳು ಮೊಣಕಾಲ ಮೇಲೆ ಸರಿಯುತ್ತ ಒಬ್ಬೊಬ್ಬರ ಕಾಲನ್ನೂ ಒತ್ತಿದಳು. ಹನ್ನೊಂದನೆಯ ಕಾಲಿಗೆ ಬರುವಷ್ಟರಲ್ಲಿ ಬೆರಳಿನ ಶಾಯಿ ಮುಗಿದು ಗುರುತು ಮೂಡಲಿಲ್ಲ.

ಮೋಟಾರಿನ ಬಾಗಿಲಲ್ಲಿ ನಿಂತು ದೌಲತರಾಯ, “ಯಾಕೂಬ, ಬಾ ಇಲ್ಲಿ!” ಎಂದು ಕೂಗಿದ. ಯಾಕೂಬಸಾಬ ಜನರ ನಡುವೆ ದಾರಿ ಮಾಡಿಕೊಂಡು ಬಂದು, ಶಾಯಿಯ ಡಬ್ಬಿಯ ಮುಚ್ಚಳ ತೆಗೆದು ಗುರುಶಾಂತಮ್ಮನ ಮುಂದೆ ಹಿಡಿದ.